ಮೂರು ಮೈಕ್ರಾನ್

ಮೇಣದಾಗ ಹುಗಿದ ಗಂಡಸರನ್ನ
ಮೂವತ್ತೊಂದು ವರ್ಷ ಕೊಯ್ದೀನಿ ನಾನು.
ಮೂರು ಮೈಕ್ರಾನ್. ಉಳ್ಳಾಗಡ್ಡಿ ಪೊರಿಗಿಂತ ತೆಳ್ಳಗ.
ಉಸುರು ಬಿಟ್ಟರ ಹಾರ್ತಾವ, ಅದಕ್ಕ
ಕೊಯ್ಯೋ ಮುಂದ ಉಸುರು ಹಿಡೀತೀನಿ.

ನೀಲಗಂಗಾ ಕೋರವಾರ ಮೇಡಂ ಕಲಬುರಗಿಗಿ ಬಂದ ವರ್ಷ
ಈ ಲ್ಯಾಬಿಗಿ ಬಾಗಲಾ ಇದ್ದಿಲ್ಲ, ಪರದಾ ಇತ್ತು.
ಒಂದು ಮೈಕ್ರೋಸ್ಕೋಪು, ಒಂದು ಹಳೀ ಫ್ರಿಜ್ಜು,
ಕೆಳಗ ಶಹಾಬಾದಿ ಫರಸಿ.
ಹೆಣ್ಣಮಗಳು, ಗಂಡಸರ ಆ ಗಂಟಿನ ಮ್ಯಾಲ ಓದ್ಯಾಳಂತ!
ಕ್ಯಾಂಟೀನಿನಾಗ ನಗು.
ನಾನೂ ನಕ್ಕೀನಿ, ಸುಳ್ಳು ಯಾಕ ಹೇಳ್ಲಿ.

ಆ ಗಂಟಿಗಿ ನಮ್ಮ ಮಾತಿನಾಗ ಹೆಸರೇ ಇಲ್ಲ.
ಅಕ್ರೋಟದಷ್ಟು. ಉಚ್ಚಿ ಹೋಗೋ ದಾರಿಗಿ
ನಾಕಾ ಹಾಕಿ ಕುಂತಂಗ ಕುಂತಿರ್ತದ.
ಹೆಸರಿಲ್ಲದ್ದನ್ನ ಯಾರು ಹ್ಯಾಂಗ ಹೇಳ್ಕೋಬೇಕು?
ಮುದುಕರು ಬಂದು "ಸೊಂಟಾ ಹಿಡದದ್ರಿ" ಅಂತಿದ್ದರು,
ಅಷ್ಟರಾಗ ಅದು ಎಲುವಿಗಿ ಇಳದಿರ್ತಿತ್ತು.
ಮೇಡಂ ಕಣ್ಣು ಎತ್ತದೇ, ರಜಿಸ್ಟರ್ ಬರಕೋತ,
"ಕಾಕಾ, ರಾತ್ರಿ ಎಷ್ಟು ಸಲ ಏಳ್ತೀರಿ?"
ಬರೇ ನಿದ್ದಿ ಮಾತು ಕೇಳಿದಂಗ.

ಅವರ ಇಡೀ ಆಯುಷ್ಯ ಒಂದೇ ಪ್ರಶ್ನೆ.
ಗಂಡು ಹಾರ್ಮೋನು ಕುಡದು ಬೆಳೀತದ ಈ ಬ್ಯಾನಿ,
ಬಂದ್ ಮಾಡಿದರ ಒಣಗ್ತದ,
ಎರಡು ವರ್ಷ, ಮೂರು ವರ್ಷ. ಆಮ್ಯಾಲ
ನೀರಿಲ್ಲದ ಹಳ್ಳದಾಗ ಜಾಲಿ ಚಿಗುರಿದಂಗ
ಮತ್ತ.
ಯಾಕ?

ಒಂದಿನ ಸೂಪರ್ ಮಾರ್ಕೆಟಿನಿಂದ ಒಂದು ಕೆಟ್ಟ ಕೀಲಿ ತಂದು
ನನ್ನ ಟೇಬಲ್ ಮ್ಯಾಲ ಇಟ್ಟರು.
"ಲಾಡ್ಲೇಸಾಬ್, ಕೀಲಿಕೈ ಹಾಕೋ ಭಾಗಾನೇ ಮುರದು ಬಿದ್ದದ ನೋಡ್ರಿ.
ಈಗ ಇದು ಮುಚ್ಚೋದೇ ಇಲ್ಲ. ಕೀಲಿಕೈ ಬೇಕಾಗೇ ಇಲ್ಲ.
ಜೀವಕೋಶದಾಗ ಹಿಂಗೇ ಆಗ್ತಿರಬೇಕು."
ಆ ಮಾತು ಕಾಗದಕ್ಕ ಬರಲಿಕ್ಕ ಒಂಬತ್ತು ವರ್ಷ ಹಿಡೀತು.
ಅಷ್ಟರಾಗ ಯಾವುದೋ ದೇಶದವರು ಅದನ್ನೇ ಬರದಿದ್ದರು.
ಮೇಡಂ ಕಡೀ ಸಾಲಿನ ತನಕ ಓದಿ, "ಛಲೋ ಬರದಾರ" ಅಂದು
ಚಾ ತರ್ಸಿದರು.
ಕೀಲಿ ಇನ್ನೂ ಅಲ್ಲೇ ಅದ, ಕಾಗದ ಹಾರದಂಗ.

ಮೇ ತಿಂಗಳು, ನಲವತ್ನಾಕು ಡಿಗ್ರಿ, ಕರೆಂಟು ಹೋಗಿ
ಜನರೇಟರು ಕೆಮ್ಮಿ ಕೆಮ್ಮಿ ಸತ್ತ ರಾತ್ರಿ
ಮೀನಿನವರ ಕಡಿಂದ ಬರ್ಫ ತಂದೆವು, ಆಟೋದಾಗ.
ಮೈನಸ್ ಎಂಬತ್ತರಾಗ ಮಲಗಿದವರಿಗಿ
ಬರ್ಫಂದರೂ ಬೆಂಕಿನೇ.
ಹನ್ನೊಂದು ವರ್ಷದ ಗಳಿಕಿ. ಇನ್ನೂರಾ ನಾಕು ನಳಿಗಿ ಹೋದವು.
ಮೇಡಂ ಫರಸಿ ಮ್ಯಾಲ ಕುಂತು, ಕೆಂಪು ಪೆನ್ನಿಲೆ
ಒಂದೊಂದೇ ನಂಬರು ಹೊಡಕೋತ ಬಂದು
ಎಂಬತ್ತೇಳಕ್ಕ ನಿಂತರು.

ಎಂಬತ್ತೇಳು ಅಂದರ ಚಿಂಚೋಳಿ ಕಡಿ ಒಬ್ಬ ಲೈನ್‌ಮನ್.
ಸಹಿ ಮಾಡೋ ಮುಂದ ಕೇಳಿದ್ದ:
"ಇದರಿಂದ ನನಗೇನರ ಆಗ್ತದೇನ್ರಿ?"
"ಇಲ್ರಿ."
"ನನ್ನ ಮಕ್ಕಳಿಗಿ?"
"ಗೊತ್ತಿಲ್ರಿ."
"ಮತ್ತ್ಯಾರಿಗಿ?"
ಮೇಡಂ ಭಾಳ ಹೊತ್ತು ಸುಮ್ಮಿದ್ದರು.
ಅಂವಾನೇ ನಕ್ಕು, ಪೆನ್ನು ಇಸಕೊಂಡು,
"ಹೋಗ್ಲಿ ಬಿಡ್ರಿ, ಯಾರ ಮನಿ ದೀಪಕ್ಕಂತ ಕೇಳಿ
ನಾ ಕಂಬಾ ಏರ್ತಿದ್ದಿಲ್ಲ" ಅಂದ.

ಹೋದ ಚಳಿಗಾಲದಿಂದ ನಾ ರಾತ್ರಿ ನಾಕು ಸಲ ಏಳ್ತೀನಿ.
ಯಾರಿಗೂ ಹೇಳಲಿಲ್ಲ. ಸೊಲ್ಲಾಪುರಕ್ಕ ಹೋಗಿ ರಕ್ತ ಕೊಟ್ಟು ಬಂದೆ,
ಹೆಂಡತಿಗಿ ದೋಸ್ತನ ಮನ್ಯಾಗ ಮದುವಿ ಅಂದೆ.
ನಾನು! ಇದೇ ಕೆಲಸದಾಗ ಕೂದಲು ಬೆಳ್ಳಗ ಮಾಡಿಕೊಂಡಾಂವ.
ಮೇಡಂ ಒಂದು ಮಧ್ಯಾಹ್ನ
ರಜಿಸ್ಟರಿನಿಂದ ಕಣ್ಣು ಎತ್ತದೇ ಕೇಳಿದರು,
"ಲಾಡ್ಲೇಸಾಬ್, ಎಷ್ಟು ಸಲ?"

ನಿನ್ನೆ ನನ್ನ ಬ್ಲಾಕು ಬಂತು. ಹೆಸರಿಲ್ಲ, ನಂಬರು.
ಕೈ ಚಾಚಿದರ ಮೇಡಂ ಸರಸಿದರು,
ನನ್ನ ಸ್ಟೂಲಿನ ಮ್ಯಾಲ ತಾವೇ ಕುಂತರು.
ಅವರ ನಿವೃತ್ತಿಗಿ ಇನ್ನ ಹದಿನೇಳು ದಿನ,
ಇಷ್ಟು ವರ್ಷದಾಗ ಒಂದು ಹಲ್ಲಿ ನೆಟ್ಟಗ ಕೊಯ್ದವರಲ್ಲ.
ಗಾಲಿ ತಿರುವಿದರು. ದಪ್ಪ. ಮತ್ತ ತಿರುವಿದರು. ಹರೀತು.
ಮೂರನೇದು ಬಿಸಿನೀರಿನ ಮ್ಯಾಲ ಬಿಟ್ಟರ ಚದುರೇ ಹೋಯ್ತು.
ನನ್ನದೇ ಮೈ, ಎಷ್ಟಂತ ನೋಡ್ಲಿ?
"ನೀರು ಭಾಳ ಕಾದದ್ರಿ, ನಲವತ್ತೆರಡಕ್ಕ ಇಳಸ್ರಿ" ಅಂದೆ.
"ಮತ್ತ, ಕೊಯ್ಯೋ ಮುಂದ ಉಸುರು ಹಿಡೀರಿ."

ಇಬ್ಬರೂ ಹಿಡದೆವು.