ಒಂದು ಕಿಲೋ ನಲವತ್ತು ಗ್ರಾಂ

ಬೆಟಗೇರಿ ಹಾದಿಯ ಜಿನ್ನಿಂಗ್ ಮಿಲ್ಲಿನ ಬೀಗ ಒಡೆದ ದಿನ
ಆರು ಯಂತ್ರ ಸಿಕ್ಕವು ನನಗೆ, ಹರಾಜಿನಲ್ಲಿ,
ಗುಜರಿ ದರಕ್ಕೆ.
ಐದನ್ನು ಗ್ಯಾಸ್ ಕಟರ್ ಹಚ್ಚಿ ತುಂಡು ಮಾಡಿಸಿದೆ.
ಆರನೆಯದರ ಎದೆಯ ಮೇಲೊಂದು ಎರಕದ ಪಟ್ಟಿ,
ಇಂಗ್ಲಿಷ್ ಅಕ್ಷರ ಉಬ್ಬಿ ನಿಂತಿದ್ದವು
ಬೆವರುಗುಳ್ಳೆಯ ಹಾಗೆ.

ರದ್ದಿ ಹಾಕಲು ಬಂದ ಹೊಂಬಳ ಮೇಡಂ
ಕನ್ನಡಕ ಒರೆಸಿಕೊಂಡು ಓದಿದರು: ಲ್ಯಾಂಕಶೈರ್.
ಮೂವತ್ತೊಂದು ವರ್ಷ ಭೂಗೋಳ ಕಲಿಸಿದ ಬಾಯಿ;
ತಕ್ಕಡಿಯ ಮುಂದೆಯೇ ಪಾಠ ಶುರು.

"ಪಶ್ಚಿಮಕ್ಕ ಸಮುದ್ರ, ಪೂರ್ವಕ್ಕ ಗುಡ್ಡ, ರಾಜೇಸಾಬ.
ನಡುವ ಯಾವಾಗ್ಲೂ ಜಿಟಿಜಿಟಿ.
ಆ ತಂಪಿಗೇ ಎಳಿ ಹರೀದ ನೂಲಾಗತಿತ್ತು.
ನಮ್ಮ ಗಾಳಿಗೆ ಪಟಕ್ಕನ ಹರೀತದ
ಸಿಟ್ಟಿನ ಮನಷ್ಯಾನ ಮಾತಿನಂಗ."
ಗಿಡವೇ ಬೆಳೆಯದ ಊರಲ್ಲಿ ಹತ್ತಿಯ ಪ್ಯಾಟಿ ಹ್ಯಾಂಗ್ರಿ, ಎಂದೆ.
"ಮಾಡ ಅವರದು, ಕಲ್ಲಿದ್ದಲಿ ಅವರದು, ಹಡಗ ಅವರದು.
ಹತ್ತಿ ಯಾರದಾದ್ರೇನು?"

ಪೇಪರಿನ ಅಂಚಿನಲ್ಲೇ ಬಾಲ್‌ಪೆನ್ನಿನ ಗೆರೆ:
ಗದಗಿನಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಯಲ್ಲಾಪುರ,
ಅರಬೈಲು ಘಟ್ಟ ಇಳಿದು ಕಾರವಾರ,
ಎತ್ತಿನ ಕೊರಳ ಗಂಟೆಗೆ ಉಪ್ಪುಗಾಳಿ.
ಅಲ್ಲಿಂದ ಮುಂಬಯಿ, ಅಲ್ಲಿಂದ ನೀರು, ನೀರು,
ಲಿವರ್‌ಪೂಲಿನ ಧಕ್ಕೆ.
ಧಕ್ಕೆಯಿಂದ ಮೂವತ್ತು ಮೈಲಿ ರೈಲು,
ಜಗತ್ತಿನ ಮೊದಮೊದಲ ರೈಲುಗಳಲ್ಲೊಂದು,
ಸೀದಾ ಗಿರಣಿಯ ಬಾಗಿಲಿಗೆ.
"ನಮ್ಮ ರೈಲೂ ಅದರ ಬಾಲಾನ" ಎಂದರು.
ಗೂಡ್ಸ್ ಒಂದು ಆಗಲೇ ಕೂಗಿ
ಸಾಕ್ಷಿ ಹಾಕಿತು.

ನನ್ನ ಮುತ್ತಜ್ಜ ಅರಳೆ ಹಿಂಜುವವನು.
ಬಿಲ್ಲಿನ ಹೆದೆ ಟುಂಯ್ ಟುಂಯ್, ಮನೆಮನೆಯ ಗಾದಿ.
ಹೆಗಲ ಮೇಲೆ ಬಿಲ್ಲು ಹೊತ್ತು ಲಕ್ಕುಂಡಿ, ಡಂಬಳ, ಮುಂಡರಗಿ:
ಅವನ ಸಾರಿಗೆ ಸಂಪರ್ಕ ಅಷ್ಟೇ.
ಅವನ ಅಡ್ಡಹೆಸರೇ ಈಗ ಅಂಗಡಿಯ ಬೋರ್ಡು, ನದಾಫ್ ಗುಜರಿ.
ಹತ್ತಿಯಿಂದ ಕಬ್ಬಿಣಕ್ಕೆ ಬರಲು
ನಾಲ್ಕು ತಲೆಮಾರು ನಡೆದೆವು.

"ಈಗೂ ಅಲ್ಲಿ ಗಿರಣಿ ಅದಾವೇನ್ರಿ?"
"ಎಲ್ಲೀದು! ಚಿಮಣಿ ಕೆಡವಿದ್ರು.
ವಿಮಾನ ಕಟ್ತಾರ, ದನಾ ಸಾಕ್ತಾರ,
ದಂಡೀಗೆ ಬಣ್ಣದ ದೀಪಾ ಹಚ್ಚಿ ಮಂದೀ ದಾರಿ ನೋಡ್ತಾರ.
ನೀರು ಹಿಂದ ಸರದ್ರ ಮೈಲಿಗಟ್ಟಲೆ ಉಸುಕು,
ನಂಬಿ ಕಾಲಿಟ್ಟಾವನ್ನ ನುಂಗತದ.
ಸಮುದ್ರದಾಗ ಗಾಳಿಕಂಬ ನಿಂತಾವ, ನಮ್ಮ ಕಪ್ಪತಗುಡ್ಡದಂಗ.
ಜಿಲ್ಲಾನೂ ಕತ್ತರಿಸಿದ್ರು. ಆ ಬಂದರ ಈಗ ಅದರಾಗಿಲ್ಲ,
ನೂಲಿನ ದೊಡ್ಡ ಪ್ಯಾಟಿನೂ ಇಲ್ಲ."
ನಕ್ಕೆ. ನಾನು ಹುಟ್ಟಿದ್ದು ಧಾರವಾಡ ಜಿಲ್ಲೆಯಲ್ಲಿ,
ಮಗನ ಲಗ್ನಪತ್ರದಲ್ಲಿ ಗದಗ ಜಿಲ್ಲೆ.
ಮನೆ ಅದೇ, ಹೊಸ್ತಿಲು ಅದೇ.

ಆ ಪಟ್ಟಿ ತೂಗಿದೆ: ಒಂದು ಕಿಲೋ ನಲವತ್ತು ಗ್ರಾಂ.
ನನ್ನ ಕಿಲೋದ ಕಲ್ಲು ಕಳೆದಿತ್ತು; ಅದನ್ನೇ ಇಟ್ಟೆ ತಕ್ಕಡಿಗೆ.
ರದ್ದಿ ತಂದವರಿಗೆ ಕಿಲೋಕ್ಕೆ ನಲವತ್ತು ಗ್ರಾಂ ಏಟು,
ಸದ್ದಿಲ್ಲದೆ. ಹನ್ನೆರಡು ದಿನ.
ಹದಿಮೂರಕ್ಕೆ ಮೇಡಂ ಮತ್ತೆ ಬಂದು
ಕಟ್ಟು ಇಳಿಸಿ, ತಕ್ಕಡಿಯ ಕಡೆ ನೋಡಿ
"ಅದರ ಹಳೇ ಚಾಳಿ" ಎಂದರು.
ರೊಕ್ಕ ಎಣಿಸದೆ ಹೋದರು.

ರಾತ್ರಿ ಅರ ಹಿಡಿದು ಕೂತೆ. ಬಲಗಡೆಯಿಂದ ಉಜ್ಜಿದೆ.
ಮಡಿಲಲ್ಲಿ ಕಬ್ಬಿಣದ ಪುಡಿ, ಕರೀ ಅರಳೆ.
ಮುತ್ತಜ್ಜನ ಮೀಸೆಗೂ ಹೀಗೇ ಹತ್ತುತ್ತಿತ್ತಂತೆ, ಬಿಳಿಯದು.
ನಲವತ್ತು ಗ್ರಾಂ ಇಳಿಯುವ ಹೊತ್ತಿಗೆ
ಕೊನೆಯ ಐದು ಅಕ್ಷರ ಹೋಗಿದ್ದವು.

ಬೆಳಿಗ್ಗೆ ಮೊಮ್ಮಗಳು ಮಹಜಬೀನ, ನಾಲ್ಕನೆತ್ತೆ,
ಉಳಿದದ್ದನ್ನು ಕೂಡಿಸಿ ಓದಿದಳು:
ಲಂಕಾ.
"ಅಜ್ಜಾ, ಇದು ಹಣಮಪ್ಪ ಸುಟ್ಟ ಊರಲ್ಲಾ?"
ಹೌದವ್ವ, ಸುತ್ತಲೂ ಸಮುದ್ರ, ಎಂದೆ.
"ಬಾಲಕ್ಕ ಸುತ್ತಿದ ಅರಿವಿ ಯಾರದು?"

ಅದನ್ನು ಮೇಡಂ ಹೇಳಿರಲಿಲ್ಲ.
ಗಿರಾಕಿ ಬಂದ. ತೂಗಿದೆ.