ಹೆಬ್ಬೆರಳು

ತಾರಿಹಾಳದಾಗ ನಮ್ಮ ಶೆಡ್ಡಿಗೆ ಬೋರ್ಡಿಲ್ಲ.
ಅಪ್ಪ ಬಿಟ್ಟುಹೋದ ಎರಡು ಲೇತು, ಒಂದು ಡ್ರಿಲ್ಲು,
ಮತ್ತ ಇಮಾಮಸಾಬ ಚಾಚಾ.

ರಾತ್ರಿ ಲೆಕ್ಕ ಮುಗಿಸಿ ಫೋನಿನಾಗ
ಪುಣೆಯ ಪಂಪ್ ಕಂಪನಿ ಮಾಲಕರನ್ನ ಕಾಣತೇನಿ.
ಅವರು ಹತ್ತು ಕಿಲೋಮೀಟರ್ ಓಡಿದ್ರು.
‘ಅಭಿನಂದನೆ ಸರ್’ ಅಂದೆ.
ಅವರ ಮನೀಗೆ ನಾಯಿಮರಿ ಬಂತು.
‘ಭಾಳ ಚಂದ ಸರ್’ ಅಂದೆ.
ಹಿಂಗ ಎಂಟು ತಿಂಗಳು,
ಕರೀದವರ ಮನೀ ಹೊಸ್ತಿಲದಾಗ
ಚಪ್ಪಲಿ ಕೈಯಾಗ ಹಿಡಕೊಂಡು ನಿಂತಂಗ.

ಒಂದಿನ, ಸಿಟ್ಟೋ ಸಂಕಟೋ,
ಬರದದ್ದೆಲ್ಲ ಅಳಿಸಿ ಒಂದ ಫೋಟೋ ಹಾಕಿದೆ:
ಚಾಚಾನ ಅಂಗೈ,
ಮ್ಯಾಲ ಹಿತ್ತಾಳಿ ಬುಶ್ಶು,
ಈಗಷ್ಟ ಲೇತಿನಿಂದ ಇಳದದ್ದು, ಇನ್ನೂ ಬಿಸಿ.
ಕೆಳಗ ಅಳತಿ. ಮತ್ತೇನಿಲ್ಲ.

ಮುಂಜಾನಿ ನೋಡಿದ್ರ
ಮಾಲಕರದು ನೀಲಿ ಹೆಬ್ಬೆರಳು!
ಓಡಿಹೋಗಿ ತೋರಿಸಿದೆ.
ಚಾಚಾ ಚಷ್ಮಾ ಏರಿಸಿ
ತಮ್ಮದನ್ನ ಅದರ ಬಾಜೂಕ ಹಿಡದ್ರು.
ತೊಂಬತ್ತೆಂಟರಾಗ ಚಕ್ಕು ತಿಂದದ್ದು,
ಉಗುರಿಲ್ಲದ್ದು.
‘ಇವರದು ಪೂರಾ ಐತಲ್ಲ ಬೇಟಿ’ ಅಂತ ನಕ್ರು.

ಆಮ್ಯಾಲ ಏನೂ ಬರಲಿಲ್ಲ.
ಬುಶ್ಶು ನವಲೂರಿನ ಗಿರಣಿಗೆ ಹೋತು,
ರೊಕ್ಕ ಅರ್ಧ ಬಂತು.

ಹದಿನೇಳನೇ ದಿನ
ಅದೇ ಕಂಪನಿ ಸ್ಟೋರಿನ ವಿಠೋಬಾ ಖಾಡೆ,
ಮುಖದ ಬದಲಿ ಗಣಪತಿ ಚಿತ್ರ,
ಮಾತು ನಿಪ್ಪಾಣಿ ಕಡೇದು:
‘ಒಳಗಿನ ನುಣುಪು ಹೆಂಗ ತಂದ್ರಿ?
ರೀಮರ್ ಹಾಕಿದ್ರೋ, ಬರೇ ಬೋರಿಂಗೋ?’

ಸ್ಟೂಲ್ ಎಳಕೊಂಡು ಕುಂತೆ.
ಲೇತು ಬಂದಾತು.
ಚಾಚಾ ಹೇಳಾಕ ಹತ್ಯಾರ,
ನಾ ಬರಿಯಾಕ ಹತ್ತೇನಿ.
ಅರ್ಧ ತಾಸಾತು,
ಒಂದು ‘ಸರ್’ ಬಂದಿಲ್ಲ.