ಹನ್ನೊಂದನೇ ನಳಿಕೆ

ಜೆಲಟಿನ್ ಪುಡಿ ಬಿಸಿನೀರಿಗೆ ಉದುರಿಸಿ
ಗಂಟಾಗದ ಹಾಗೆ ತಿರುವಬೇಕು, ರಾಗಿ ಅಂಬಲಿ ತಿರುವಿದಂತೆ.
ಅಷ್ಟನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.
ಮಿಕ್ಕದ್ದು ದೇಚಮ್ಮ ಮೇಡಂ ಕಲಿಸಿದ್ದು:
ಫಾಸ್ಫೇಟು ಮೊದಲು, ಲೋಳೆ ಬೆಚ್ಚಗಿರುವಾಗಲೇ;
ಹೆಪ್ಪುಗಟ್ಟಿದ ಮೇಲೆ ಕ್ಯಾಲ್ಸಿಯಂ ನೀರು,
ಗಾಜಿನ ಗೋಡೆ ಸವರಿಕೊಂಡು ಇಳಿಯಬೇಕು,
ಲೋಳೆಗೆ ಗಾಯವಾಗಬಾರದು.

ಬರೀ ನೀರಲ್ಲಿ ಇವೆರಡೂ ಸೇರಿದರೆ
ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕದಡಿ, ಬೆಳ್ಳಗಾಗಿ
ತಳ ಸೇರುತ್ತದೆ, ಸುಣ್ಣದ ನೀರಿನ ಹಾಗೆ.
ಲೋಳೆಯಲ್ಲಿ ಹಾಗಲ್ಲ.
ಹೆಬ್ಬಾಳದ ಮೇಲ್ಸೇತುವೆಯಲ್ಲಿ ನಮ್ಮ ಬಸ್ಸು ಸಿಕ್ಕಿಕೊಂಡಂತೆ
ಒಂದೊಂದು ಕಣವೂ ತೆವಳಿ, ನಿಂತು, ತೆವಳಿ
ಒಂಬತ್ತನೇ ದಿನಕ್ಕೆ ಒಂದು ಬಿಳಿ ಉಂಗುರ,
ಆಮೇಲೆ ಒಂದು ಬೆರಳಗಲ ಖಾಲಿ,
ಆಮೇಲೆ ಇನ್ನೊಂದು.
ನಡುವೆ ಯಾಕೆ ಖಾಲಿ ಬಿಡುತ್ತದೆ, ಕೇಳಿದ್ದೆ.
ಮೇಡಂ ಹಲಗೆ ತುಂಬ ಬರೆದರು. ಕೊನೆಗೆ
"ಪೂರ್ತಿ ಗೊತ್ತಿಲ್ಲ ಮುನಿರತ್ನಮ್ಮ" ಅಂದರು.
ಗೊತ್ತಿಲ್ಲ ಅನ್ನುವವರ ಕೈಕೆಳಗೆ ಕೆಲಸ ಹಗುರ.

ಮೂಳೆ ಆಗುವುದೂ ಹೀಗೇ ಅಂತೆ: ಮೊದಲು ಮೆತ್ತಗೆ,
ಆಮೇಲೆ ಒಳಗಿಂದ ಗಟ್ಟಿ.
ಮುರಿದ ಕಡೆ ಇಟ್ಟು ಹೊಲಿಯುವ ತುಂಡು
ಮುಂದೊಂದು ದಿನ ಇದರಿಂದಲೇ ಆದೀತಂತೆ.
ಅಪ್ಪನಿಗೆ ಹೇಳಿದೆ. ನಕ್ಕ. ನಗು ಕೆಮ್ಮಾಯಿತು.
ಬೆಟ್ಟಹಲಸೂರಿನ ಬಂಡೆಯಲ್ಲಿ ಮೂವತ್ತೊಂದು ವರ್ಷ
ಉಳಿ ಹಿಡಿದವನು, ಗಂಗಭೋವಿ.
"ಕಲ್ಲು ಬೆಳೀತದಾ? ಸಂಬಳ ಕೊಟ್ಟು ಬೆಳೆಸ್ತಾರಾ?
ಈ ಬೆಂಗಳೂರಿನ ಪಾಯಕ್ಕೆಲ್ಲ
ನಾವು ಒಡೆದೂ ಒಡೆದೂ ಖಾಲಿ ಮಾಡಿದ್ದನ್ನ
ನೀವು ಸೀಸೇಲಿ ತುಂಬಿಸ್ತೀರ. ಸರಿ."

ಹೊಸೂರು ರಸ್ತೆಯ ಆಸ್ಪತ್ರೆಯಲ್ಲಿ
ಅವನ ಎದೆಯ ಚಿತ್ರ ಬೆಳಕಿಗೆ ಹಿಡಿದರು.
ಡಾಕ್ಟರು ಬಾಯಿ ತೆರೆಯುವ ಮೊದಲೇ ಓದಿಕೊಂಡೆ.
ದಿನವೂ ನೋಡುತ್ತೇನಲ್ಲ:
ಮೆತ್ತಗಿನ ಕಡೆ ಬಿಳಿ ಚುಕ್ಕಿ,
ಚುಕ್ಕಿ ಪಕ್ಕ ಚುಕ್ಕಿ, ಅವಸರವಿಲ್ಲದೆ.
ಇದಕ್ಕೆ ಮಾತ್ರ ಯಾರೂ ತಾರೀಖು ಬರೆದಿಟ್ಟಿರಲಿಲ್ಲ.

ಉಳಿಚೀಲ ಮೊಳೆಗೆ ನೇತಾಡುತ್ತಲೇ ಇದೆ.
ಹೊಲಿಗೆಯ ಸಂದಿನಿಂದ ಒಂದು ಚಿಟಿಕೆ ಧೂಳು
ಆಸ್ಪತ್ರೆ ಚೀಟಿಯ ಮೂಲೆ ಹರಿದು ಮಡಚಿಕೊಂಡು
ಬೆಳಗಿನ ಬಸ್ಸು ಹತ್ತಿದೆ. ಯಾಕೆಂದು ಕೇಳಬೇಡಿ.
ಹನ್ನೆರಡು ನಳಿಕೆಗಳಲ್ಲಿ ಹನ್ನೊಂದನೆಯದಕ್ಕೆ
ಲೋಳೆ ಬೆಚ್ಚಗಿರುವಾಗಲೇ ಉದುರಿಸಿದೆ.
ಅದನ್ನು ಹಿಡಿದುಕೊಂಡು ಏನಾದರೂ ಬೆಳೆಯಲಿ ಅಂತ.
ಏನು ಅಂತ ನನಗೂ ತಿಳಿದಿರಲಿಲ್ಲ.

ಬೆಳೆಯಲಿಲ್ಲ.
ಧೂಳು ಬಿದ್ದಲ್ಲೇ, ಕಪ್ಪಗೆ, ತನ್ನ ಪಾಡಿಗೆ.
ಉಂಗುರಗಳು ಅದನ್ನು ಬಳಸಿಕೊಂಡು, ಕೊಂಚ ಓರೆಯಾಗಿ,
ದಾರಿಯಲ್ಲಿ ಮಲಗಿದವನ ಕಾಲು ತುಳಿಯದಂತೆ ದಾಟುವವರ ಹಾಗೆ
ಕೆಳಗಿಳಿದಿದ್ದವು.

ಮೇಡಂ ಕನ್ನಡಕ ಹಣೆಗೇರಿಸಿ ತುಂಬ ಹೊತ್ತು ನೋಡಿದರು.
"ಇದರಲ್ಲೇನು ಹಾಕಿದ್ರಿ?"
"ಕಸ ಬಿದ್ದಿರಬೇಕು ಮೇಡಂ."
ಅಂದ ಮೇಲೆ ನಾಲಿಗೆ ಒಣಗಿತು.
ರಿಜಿಸ್ಟರಿನಲ್ಲಿ ನನ್ನ ಕೈಯಿಂದಲೇ ಬರೆಸಿದರು:
ಹನ್ನೊಂದು, ಕಲ್ಮಷ. ಲೆಕ್ಕಕ್ಕಿಲ್ಲ.

ಎಸೆಯಲು ಕೊಟ್ಟದ್ದನ್ನು ಎಸೆದಿಲ್ಲ.
ಫಿನಾಯಿಲ್ ಡಬ್ಬದ ಹಿಂದೆ, ಬಾಯಿಗೆ ಮೇಣ ಮೆತ್ತಿ, ನಿಲ್ಲಿಸಿದ್ದೇನೆ.
ನೆಲ ಒರೆಸುವಾಗ ಒಮ್ಮೆ ಬಗ್ಗಿ ನೋಡುತ್ತೇನೆ,
ಅಷ್ಟೆ.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳುತ್ತಾನೆ, ದಿನಾ ಕೇಳುವಂತೆ:
"ಎಷ್ಟಾಯ್ತೇ ನಿನ್ನ ಕಲ್ಲು?"
ಕಿರುಬೆರಳ ಉಗುರಿನ ಮೇಲೆ ಅಳತೆ ತೋರಿಸುತ್ತೇನೆ.
"ಇಷ್ಟೇನಾ" ಅಂದು
ಮುದ್ದೆ ಮುರಿಯುತ್ತಾನೆ.